ಕಾಕಾನ ಅಂಬಾಸಿಡರ್ ಮತ್ತು ಟಿಕ್ ಟಿಕ್ ಪಂಪು

ಸುರೇಬಾನದಲ್ಲಿ ನಮ್ಮ ಕಾಕಾನ ಹತ್ತಿರ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಅದರಲ್ಲಿ ಶಬರಿಕೊಳ್ಳಕ್ಕೋ ರಾಮದುರ್ಗಕ್ಕೋ ಹೊರಟರೆ ಎಲ್ಲೋ ಒಂದು ಕಡೆ ಕೆಮ್ಮಿ ನಿಲ್ಲುತ್ತಿತ್ತು. "ಪೆಟ್ರೋಲ್ ಕುದ್ದೈತಿ. ಅರಿವಿ ತೋಯಿಸಿ ಪಂಪಿನ ಮ್ಯಾಲೆ ಹಾಕೋ ತಮ್ಮಾ" ಅನ್ನುತ್ತಿದ್ದ ಕಾಕಾ. ಹತ್ತು ನಿಮಿಷ ಬಿಟ್ಟು ಗಾಡಿ ಚಾಲೂ ಆಗುತ್ತಿತ್ತು. ಈಗ ಅದಕ್ಕೆ ಎಂ.ಪಿ.ಎಫ್.ಐ. ಎಂಜಿನ್ ಕೂಡಿಸುವಾಗ ಮತ್ತೆ ಪಂಪಿನದೇ ಮಾತು ಬಂತು. ಅದರ ಹಿಂದಿನ ಕಥೆ ಹೇಳಬೇಕೆನ್ನಿಸಿತು.

ಕರೆಂಟಿನ ಪೆಟ್ರೋಲ್ ಪಂಪು ಹೊಸದೇನಲ್ಲ! ಮೋರಿಸ್ ಮೈನರ್ ಕಾರಿನಲ್ಲಿ ಎಸ್.ಯು. ಕಂಪನಿಯ ಪಂಪು ಇರುತ್ತಿತ್ತು. ಕೀಲಿ ತಿರುವಿದರೆ ಟಿಕ್ ಟಿಕ್ ಎಂದು ಬಡಿದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತಿತ್ತು. ಒಳಗಿನ ಪಾಯಿಂಟು ಹಿಡಿದುಕೊಂಡರೆ ಪಾನಾದಿಂದ ಒಂದು ಏಟು ಕೊಡುವುದೇ ಮದ್ದು.

1950ರ ದಶಕದ ಕೊನೆಗೆ ಬಂದ ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಮಾತ್ರ ಮೆಕ್ಯಾನಿಕಲ್ ಪಂಪು. ಕ್ಯಾಮ್ ಶಾಫ್ಟ್ ಒಂದು ಸನ್ನೆಯನ್ನು ತಳ್ಳುತ್ತದೆ, ಸನ್ನೆ ರಬ್ಬರಿನ ಪೊರೆಯನ್ನು ಎಳೆಯುತ್ತದೆ, ಪೊರೆ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತದೆ. ವೈರ್ ಇಲ್ಲ, ರಿಪೇರಿ ಸುಲಭ. ಆದರೆ ಅದು ಕೂತಿರುವುದು ಕಾದ ಎಂಜಿನ್ನಿನ ಮೈಮೇಲೆ. ಸಾಲದ್ದಕ್ಕೆ ಹೀರುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಕಾಕಾನ ಒದ್ದೆ ಅರಿವೆಯ ಗುಟ್ಟು ಇಷ್ಟೇ. ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು ಇಟ್ಟರೆ ಅದು ಹೀರುವುದಿಲ್ಲ, ತಳ್ಳುತ್ತದೆ. ಆ ಕಾಟ ಬಹಳ ಕಡಿಮೆ.

1967ರಲ್ಲಿ ಬಾಷ್ ಕಂಪನಿ ಡಿ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಕಾರಿಗೆ ಕೊಟ್ಟಿತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಎಂ.ಪಿ.ಎಫ್.ಐ. ಎಲ್ಲ ಕಡೆ ಬಂತು. ಇಸುಜು ಎಂಜಿನ್ನಿನ ಅಂಬಾಸಿಡರಿಗೂ ಬಂತು. ಕಾರ್ಬುರೇಟರಿಗೆ ಚದರ ಇಂಚಿಗೆ 3-4 ಪೌಂಡ್ ಒತ್ತಡ ಸಾಕು. ಇಂಜೆಕ್ಷನ್ನಿಗೆ ಸುಮಾರು 40 ಪೌಂಡ್ ಬೇಕು. ಹತ್ತು ಪಟ್ಟು!

ಹೀಗಾಗಿ ಎಂಜಿನ್ ಒಂದನ್ನೇ ಬದಲಿಸಿದರೆ ಮುಗಿಯುವುದಿಲ್ಲ. ಹಳೆಯ ರಬ್ಬರ್ ಪೈಪು ಈ ಒತ್ತಡ ತಡೆಯುವುದಿಲ್ಲ, ಇಂಜೆಕ್ಷನ್ನಿನದೇ ಪೈಪು ಮತ್ತು ಕ್ಲಿಪ್ಪು ಬೇಕು. ಉಳಿದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗಲು ಇನ್ನೊಂದು ಪೈಪು ಬೇಕು. ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಪಂಪು ಗಾಳಿ ಹೀರದಂತೆ ಟ್ಯಾಂಕಿನೊಳಗೆ ಏರ್ಪಾಡು ಬೇಕು. ಉಲ್ಟಾ, ಕಾರ್ಬುರೇಟರ್ ಎಂಜಿನ್ನಿಗೆ ಇಂಜೆಕ್ಷನ್ ಪಂಪು ಹಾಕಿದರೆ ಪೆಟ್ರೋಲ್ ಉಕ್ಕಿ ಎಂಜಿನ್ ಮೇಲೆ ಸುರಿಯುತ್ತದೆ. ಈಗ ಇನ್ನೊಂದು ಸೇರಿಕೊಂಡಿದೆ. ಬೆಳಗಾವಿ ಜಿಲ್ಲೆಯ ಕಬ್ಬಿನಿಂದಲೂ ಆಗುವ ಎಥೆನಾಲ್ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಇರುತ್ತದೆ. ಹಳೆಯ ಕಾಲದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ.

ಇದೆಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ಮೆಕ್ಯಾನಿಕಲ್ ಪಂಪಿಗೆ ಎಂಜಿನ್ ನಿಂತದ್ದು ತಾನಾಗಿ ಗೊತ್ತಾಗುತ್ತದೆ, ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಕರೆಂಟಿನ ಪಂಪಿಗೆ ಗೊತ್ತಾಗುವುದಿಲ್ಲ. ಗಾಡಿ ಮಗುಚಿ ಪೈಪು ಹರಿದರೂ ಕೀಲಿ ಆನ್ ಇರುವ ತನಕ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಅದಕ್ಕೇ ಕಂಪನಿಯ ಗಾಡಿಯಲ್ಲಿ ಕಂಪ್ಯೂಟರ್ ರಿಲೇ ಮೂಲಕ ಪಂಪನ್ನು ನಡೆಸುತ್ತದೆ. ಎಂಜಿನ್ ತಿರುಗದಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ಬಂದ್. ಕಾಕಾನ ಗಾಡಿಗೆ ಕೆಲಸ ಮಾಡಿದವರು ಆ ರಿಲೇ ಬಿಟ್ಟು ಪಂಪಿನ ವೈರನ್ನು ನೇರ ಕೀಲಿಗೆ ಕೊಟ್ಟಿದ್ದರು. "ಸ್ಟಾರ್ಟ್ ಆಕ್ಕೈತಲ್ರಿ, ಮತ್ತೇನು?" ಅಂದರಂತೆ.

ಮತ್ತೇನು ಎಂಬುದಕ್ಕೆ ಉತ್ತರ ಬೆಂಕಿ. ಹಟ ಹಿಡಿದು ರಿಲೇ, ಫ್ಯೂಸ್ ಹಾಕಿಸಿದೆವು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಓ ಅನುಮತಿ, ಆರ್.ಸಿ.ಯಲ್ಲಿ ಹೊಸ ಎಂಜಿನ್ ನಂಬರು, ಇದನ್ನೂ ಮರೆಯುವಂತಿಲ್ಲ.

ಈಗ ಕೀಲಿ ತಿರುವಿದರೆ ಹಿಂದೆ ಟ್ಯಾಂಕಿನಲ್ಲಿ ಎರಡು ಸೆಕೆಂಡ್ ಗುಂಯ್ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಕಾಕಾ ಕಿವಿಗೊಟ್ಟು ಕೇಳಿ ಹೇಳಿದ, "ಎಂಜಿನ್ ನಿಂತ್ರ ಇದೂ ನಿಲ್ತೈತಿ ಅಂದ್ರ, ನಮ್ಮ ಹಳೇ ಪಂಪಿನ ಬುದ್ಧಿನ ಕಲಿಸ್ಯಾರ ಬಿಡು."