ಸಂತೆಯಿಂದ ಸಂತೆಗೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಸಂಚಾರಿ ಕಾಯಿಪಲ್ಲೆ ಮಾರುಕಟ್ಟೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 2,000 ಕಿಲೋ ಕ್ಯಾಲೊರಿಯ ದಿನದ ಊಟದಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಬೇಕು. ನಾಲ್ವರು ದೊಡ್ಡವರಿರುವ ಮನೆಗೆ ಈ ಲೆಕ್ಕ ಹಾಕಿದರೆ ವಾರಕ್ಕೆ 11 ಕಿಲೋಗೂ ಹೆಚ್ಚು ಕಾಯಿಪಲ್ಲೆ ಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಅದು ಸಿಗುವುದು ಮುಖ್ಯವಾಗಿ ವಾರದ ಸಂತೆಯಲ್ಲಿ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಈ ನಾಡಿನಲ್ಲಿ, ಫ್ರಿಜ್ ಇಲ್ಲದ ಮನೆಗೆ ತಂದ ಮೆಂತ್ಯೆ ಸೂಡು ಮರುದಿನವೇ ಬಾಡುತ್ತದೆ. ವಾರ ತಡೆಯುವುದು ಉಳ್ಳಾಗಡ್ಡಿ, ಬಟಾಟಿ. ಮುಂದಿನ ಸಂತೆ ಹತ್ತಿರ ಬರುವ ಹೊತ್ತಿಗೆ ರೊಟ್ಟಿಯ ಜೊತೆ ಉಳಿದಿರುವುದು ಬೇಳೆ, ಶೇಂಗಾ ಹಿಂಡಿ, ಕೆಂಪು ಖಾರ.

ಈ ನಡುವಿನ ದಿನಗಳನ್ನು ತುಂಬಲು ಸರ್ಕಾರ ಹೊಸ ವಾಹನ ಪಡೆಯನ್ನೇ ಕಟ್ಟಬೇಕಿಲ್ಲ, ಸಂತೆಯ ಸುತ್ತನ್ನೇ ಹಿಗ್ಗಿಸಿದರೆ ಸಾಕು ಎಂಬುದು ಇಲ್ಲಿನ ವಾದ. (2018ರ ಆಸುಪಾಸಿನಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದವು ಬೇರೆ ತಾಲ್ಲೂಕುಗಳಾದವು. ಇಲ್ಲಿ ಹಳೆಯ ಗಡಿಗಳನ್ನೇ ಇಟ್ಟುಕೊಳ್ಳಲಾಗಿದೆ.)

ಬೆಳೆಯ ಮಟ್ಟಿಗೆ ಇದು ಬಡ ಸೀಮೆಯಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. 2006ರಲ್ಲಿ ಲೋಕಾರ್ಪಣೆಯಾದ ಆಲಮಟ್ಟಿ ಜಲಾಶಯದ ನೀರು ಮುಳವಾಡ ಏತ ನೀರಾವರಿಯ ಮೂಲಕ ಎರೆಹೊಲಗಳಿಗೆ ಹರಿಯುತ್ತಿದೆ. ಆದರೆ ನೀರು ಬಂದ ಕಡೆ ಕಬ್ಬು, ದ್ರಾಕ್ಷಿಯಂಥ ದೂರದ ಮಾರುಕಟ್ಟೆಯ ಬೆಳೆ ಬರುತ್ತದೆ. ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ನಿಲ್ಲುತ್ತಿದ್ದ ಕುಸುಬಿ, ಕಡಲಿಯ ಎಳೆ ಕುಡಿ, ಬದುವಿನ ಹಕ್ಕರಕಿ, ಪುಂಡಿ ಪಲ್ಯ ಕೂಲಿ ಹೆಣ್ಣುಮಕ್ಕಳ ಮಡಿಲು ಸೇರುತ್ತಿದ್ದವು. ಒಂದೇ ಬೆಳೆಯ ಹೊಲದಲ್ಲಿ ಈ ಪುಕ್ಕಟೆ ಪಲ್ಯಕ್ಕೆ ಎಡೆಯಿಲ್ಲ. 2013ರಿಂದ ಅನ್ನಭಾಗ್ಯದ ಧಾನ್ಯ ಊರೂರಿನ ನ್ಯಾಯಬೆಲೆ ಅಂಗಡಿಗೆ ಬರುತ್ತಿದೆ. ಕಾಯಿಪಲ್ಲೆಗೆ ಅಂಥ ದಾರಿ ಯಾರೂ ಹಾಕಿಲ್ಲ.

ಈ ಕೊರತೆಯ ತೂಕ ದೇಹದ ಮೇಲೆ ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8, ಐದರೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆಯಿದೆ. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಯೋಜನೆ ಶುರುವಾದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರವನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಜೋಳದಲ್ಲಿ ಕಬ್ಬಿಣಾಂಶವಿದ್ದರೂ ಅದರೊಳಗಿನ ಫೈಟೇಟ್ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಊಟದ ಜೊತೆ ಸಿ ವಿಟಮಿನ್ ಇದ್ದರೆ ಆ ಅಡ್ಡಿ ಸಡಿಲವಾಗುತ್ತದೆ. ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿದರೂ ನೆರವಾಗುತ್ತದೆ. ಆ ಲಿಂಬೆ ಇಂಡಿಯಿಂದ ಚೀಲಗಟ್ಟಲೆ ಹೊರರಾಜ್ಯಕ್ಕೆ ಹೋಗುವಾಗ ಪಕ್ಕದ ತಾಂಡಾದ ತಾಟಿಗೂ ತಪ್ಪದೆ ಬರಬೇಕು.

ಚೀನಾದ ಗ್ರಾಮೀಣ ಸಂತೆಗಳನ್ನು ಅಭ್ಯಾಸ ಮಾಡಿದ ಜಿ. ವಿಲಿಯಂ ಸ್ಕಿನ್ನರ್ 1964ರಲ್ಲಿ ತೋರಿಸಿದ ಮಾತೊಂದು ಇಲ್ಲಿಗೂ ಒಪ್ಪುತ್ತದೆ: ಒಂದೇ ಊರಿನ ಗಿರಾಕಿ ವ್ಯಾಪಾರಿಯ ಹೊಟ್ಟೆ ತುಂಬಿಸಲಾರದ ಕಡೆ ವ್ಯಾಪಾರಿಯೇ ಊರಿಂದೂರಿಗೆ ತಿರುಗುತ್ತಾನೆ. ಕಾಯಿಪಲ್ಲೆ ಮಾರುವ ಬಾಗವಾನ ಮನೆತನಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಮಾಡುತ್ತ ಬಂದದ್ದು ಇದನ್ನೇ. ನಸುಕಿನಲ್ಲಿ ಸವಾಲಿನಲ್ಲಿ ಮಾಲು ಹಿಡಿದು, ಒದ್ದೆ ಗೋಣಿತಟ್ಟು ಹೊದಿಸಿ, ಟಂಟಂನಲ್ಲಿ ಹೇರಿಕೊಂಡು ಬಿಸಿಲೇರುವ ಮೊದಲೇ ಸಂತೆ ಹಿಡಿಯಬೇಕು. ಸಂಜೆ ಉಳಿದದ್ದನ್ನು ಸಿಕ್ಕ ದರಕ್ಕೆ ಕೊಟ್ಟು ಕೈತೊಳೆದುಕೊಳ್ಳಬೇಕು. ಆ ಉಳಿದ ಮಾಲು ದಾರಿಯ ತಾಂಡಾಗಳಿಗೆ, ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಪುನರ್ವಸತಿ ಕೇಂದ್ರಗಳಿಗೆ ಮುಟ್ಟಿದರೆ ಮಾರುವವರಿಗೂ ನಷ್ಟ ಕಡಿಮೆ.

ಹೊರಗಿನ ಅನುಭವ ಏನು ಹೇಳುತ್ತದೆ? ನ್ಯೂಯಾರ್ಕ್ ನಗರ 2008ರಲ್ಲಿ ತರಕಾರಿ ಸಿಗದ ಬಡ ಕೇರಿಗಳಿಗೆಂದೇ 1,000 ತಳ್ಳುಗಾಡಿಗಳಿಗೆ ಪರವಾನಗಿ ತೆರೆಯಿತು. ನಾರ್ತ್ ಕರೋಲಿನಾದ ‘ವೆಜಿ ವ್ಯಾನ್’ ಪ್ರಯೋಗ ಇದಕ್ಕಿಂತ ಉಪಯುಕ್ತ. 12 ಕಡೆ ನಡೆದ, 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಡಿಮೆ ದರದ ತರಕಾರಿಯ ಜೊತೆ ಅಡುಗೆಯ ತಿಳಿವಳಿಕೆಯೂ ಬಾಗಿಲಿಗೆ ಬಂತು. ಹಣ್ಣು–ತರಕಾರಿ ಸೇವನೆ ದಿನಕ್ಕೆ ಸುಮಾರು ಒಂದು ಬಡಿಸುವ ಅಳತೆಯಷ್ಟು ಏರಿತು. ಕರ್ನಾಟಕದಲ್ಲಿ 2020ರ ಲಾಕ್‌ಡೌನ್ ಕಾಲದಲ್ಲಿ ಹಾಪ್‌ಕಾಮ್ಸ್ ಬೆಂಗಳೂರಿನ ಬಡಾವಣೆಗಳಿಗೆ ಸಂಚಾರಿ ವಾಹನ ಕಳಿಸಿತು. ಅಲ್ಲಿ ಒಂದು ಬೀದಿಯಲ್ಲಿ ಆಗುವ ವ್ಯಾಪಾರಕ್ಕೆ ಇಲ್ಲಿ ಐದಾರು ಊರು ಸುತ್ತಬೇಕು. ಡೀಸೆಲ್ ಲೆಕ್ಕವೇ ಬೇರೆ.

ದೂರಕ್ಕಿಂತ ಗಟ್ಟಿಯಾದ ಅಡ್ಡಿ ರೊಕ್ಕದ್ದು. ಹೊಲದ ಕೂಲಿಯ ಬಟವಾಡೆ ಬಹಳ ಕಡೆ ಸಂತೆಯ ದಿನಕ್ಕೇ ಹೊಂದಿಕೊಂಡಿದೆ. ಗಾಡಿ ಬುಧವಾರ ಬಂದು ನಿಂತರೂ ಅಂದು ಕೈಯಲ್ಲಿ ಕಾಸಿಲ್ಲದ ಮನೆ ಕೊಳ್ಳುವುದು ಉದ್ರಿಯಲ್ಲೇ. ಗುರುತಿನ ಬುಟ್ಟಿಯವಳು ಉದ್ರಿ ಬರೆದುಕೊಳ್ಳುತ್ತಾಳೆ. ಸಂಬಳದ ಚಾಲಕ ಬರೆದುಕೊಳ್ಳಲಾರ. ಆದ್ದರಿಂದ ಸಂಚಾರಿ ಮಾರುಕಟ್ಟೆಯ ಮೊದಲ ಬಂಡವಾಳ ವಾಹನಕ್ಕಲ್ಲ, ಈ ಉದ್ರಿಯ ಬೆನ್ನಿಗೆ ಹೋಗಬೇಕು. ರಾಜ್ಯದ ಸಂಜೀವಿನಿ ಯೋಜನೆಯ ಸ್ವಸಹಾಯ ಗುಂಪುಗಳ ಮೂಲಕ ಅದು ಸಾಧ್ಯ. ಹೊತ್ತಿನ ಪ್ರಶ್ನೆಯೂ ಅಷ್ಟೇ ಮುಖ್ಯ: ಹೆಂಗಸರು ಹೊಲದಲ್ಲಿರುವ ನಡುಹಗಲು ಬಂದ ಗಾಡಿ ಬಂದಂತಲ್ಲ.

ಕಾನೂನು ಅರ್ಧ ದಾರಿ ಬಂದಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ತಿರುಗಾಡಿ ಮಾರುವವರನ್ನೂ ಗುರುತಿಸುತ್ತದೆ, ಆದರೆ ಅದು ಪಟ್ಟಣದ ಗಡಿಗೆ ನಿಲ್ಲುತ್ತದೆ. ಹಳ್ಳಿಯ ಸಂತೆ ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ತಾಂಡಾಗಳಿಗೆ ಹೋಗುವವರಿಗೆ ಪಂಚಾಯಿತಿ ಸಂತೆ ಕರ ಬಿಟ್ಟುಕೊಟ್ಟರೆ ಖರ್ಚಿಲ್ಲದೆ ಕೆಲಸ ಶುರುವಾಗುತ್ತದೆ. ಇಟ್ಟಿಗೆಯ ಎರಡು ಗೋಡೆಗಳ ನಡುವೆ ಒದ್ದೆ ಉಸುಕು ತುಂಬಿದ, ವಿದ್ಯುತ್ ಬೇಡದ ತಂಪು ಕೋಣೆಯನ್ನು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ರೂಪಿಸಿದೆ. ಸಂತೆಕಟ್ಟೆಯ ಬದಿಗೊಂದು ಕಟ್ಟಿದರೆ ಸಂಜೆಯ ಮಾಲು ಮರುದಿನದ ಸುತ್ತಿಗೆ ಉಳಿಯುತ್ತದೆ.

ಪ್ರಯೋಗ ನಡೆದರೆ ಅಳತೆ ಯಾವ ದಿನ ತೆಗೆಯಬೇಕೆಂಬುದು ಮೊದಲೇ ತೀರ್ಮಾನವಾಗಬೇಕು. ಸಂತೆಯ ಮರುದಿನ ಕೇಳಿದರೆ ಎಲ್ಲ ಮನೆಯಲ್ಲೂ ಪಲ್ಯವಿರುತ್ತದೆ. ಹಿಂದಿನ ದಿನದ ಊಟ ಕೇಳುವ ಸಮೀಕ್ಷೆಯನ್ನು ಸಂತೆಗೆ ಒಂದು ದಿನ ಮುಂಚೆ, ಗಾಡಿ ಹೋಗುವ ಊರುಗಳಲ್ಲೂ ಹೋಗದ ಊರುಗಳಲ್ಲೂ, ಬೇಸಿಗೆಯಲ್ಲೊಮ್ಮೆ ಸುಗ್ಗಿಯಲ್ಲೊಮ್ಮೆ ನಡೆಸಬೇಕು. ಗುಳೆ ಹೋದ ಮನೆಗಳ ಲೆಕ್ಕವನ್ನು ಬೇರೆಯಾಗಿ ಇಡಬೇಕು.