ಹರಿಗೋಲಿನಲ್ಲಿ ಎದ್ದು ನಿಲ್ಲುವ ವಿದ್ಯೆ

ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಸ್ವಲ್ಪ ಜನ ಮಾತ್ರ ಹತ್ತಿರದ ಹುಲಿಕೆರೆಗೂ ಹೋಗಿಬರುತ್ತಾರೆ. ಅಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು, ಮೆಟ್ಟಿಲ ಸಾಲಿನ ನಡುವೆ ಪುಟ್ಟ ಪುಟ್ಟ ಗೋಪುರಗಳ ಗೂಡುಗಳು. ಮನುಷ್ಯ ನಿಂತುಕೊಂಡೇ ನೀರಿನ ಹತ್ತಿರಕ್ಕೆ ಹೋಗಲಿ ಎಂದು ಕಲ್ಲುಕುಟಿಗರು ಮಾಡಿಕೊಟ್ಟ ವ್ಯವಸ್ಥೆ ಅದು. ಆದರೆ ಕೆರೆಯ ನಡುಮಧ್ಯೆ, ಕಾಲ ಕೆಳಗೆ ಕಲ್ಲಾಗಲಿ ನೆಲವಾಗಲಿ ಇಲ್ಲದ ಜಾಗದಲ್ಲಿ, ಎದ್ದು ನಿಂತು ಬಲೆ ಬೀಸುವ ಮನುಷ್ಯನ ವಿಷಯವೇನು? ಅವನು ಬೀಳದೆ ಇರುವುದು ಹೇಗೆ?

ಈ ಪ್ರಶ್ನೆ ಹುಟ್ಟಿದ್ದು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಿಂದ. ಅಮೆರಿಕದ ಸರೋವರವೊಂದರಲ್ಲಿ ಒಬ್ಬ ಕಯಾಕ್ ಎಂಬ ಕಿರಿದಾದ ದೋಣಿಯ ಮೇಲೆ ಎದ್ದು ನಿಂತು ಗಾಳ ಎಸೆಯುತ್ತಿದ್ದ. ನಿಂತು ಮೀನು ಹಿಡಿಯಲು ಬರುವ ಕಯಾಕ್ ಎಂಬುದು ಅಲ್ಲಿ ಈಗ ದೊಡ್ಡ ವ್ಯಾಪಾರ. ಅದನ್ನು ನೋಡಿದಾಗ ನೆನಪಾದದ್ದು ನಮ್ಮ ಕೆರೆಗಳ ಹರಿಗೋಲು. ನಮ್ಮ ಬೆಸ್ತರು, ಗಂಗಾಮತಸ್ಥರು ಈ ಕೆಲಸವನ್ನು ಯಾವ ಜಾಹೀರಾತೂ ಇಲ್ಲದೆ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ.

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಲಿನ ಹಿಮದ ನಾಡಿನಲ್ಲಿ. ಅಲ್ಲಿನ ಇನ್ಯೂಟ್ ಮುಂತಾದ ಜನಾಂಗಗಳು ತೇಲಿಬಂದ ಮರ, ಮೂಳೆಗಳಿಂದ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿ ಅದು. ಮೈ ಒದ್ದೆಯಾದರೆ ಸಾವೇ ಗತಿ ಎಂಬಂಥ ಚಳಿ. ಆದ್ದರಿಂದ ಬೇಟೆಗಾರ ದೋಣಿಯ ತೂತಿನೊಳಗೆ ಸೊಂಟದವರೆಗೆ ಇಳಿದು, ಚರ್ಮದ ಮೇಲಂಗಿಯನ್ನು ದೋಣಿಯ ಬಾಯಿಗೆ ಬಿಗಿದು ಕೂರುತ್ತಿದ್ದ. ಕೂತೇ ಈಟಿ ಎಸೆಯುತ್ತಿದ್ದ. ಏಳುವ ಮಾತೇ ಇರಲಿಲ್ಲ. ಕಿರಿದಾಗಿದ್ದರೆ ಮಾತ್ರ ವೇಗ, ಕೆಳಗೆ ಕೂತರೆ ಮಾತ್ರ ಭದ್ರ.

ನಮ್ಮ ಹರಿಗೋಲೂ ಮೂಲದಲ್ಲಿ ಚೌಕಟ್ಟಿಗೆ ಚರ್ಮ ಹೊದಿಸಿದ ದೋಣಿಯೇ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ಎತ್ತಿನದೋ ಎಮ್ಮೆಯದೋ ಚರ್ಮ ಬಿಗಿಯುತ್ತಿದ್ದರು. ಆಮೇಲೆ ಚರ್ಮದ ಜಾಗಕ್ಕೆ ಟಾರು ಬಳಿದ ಬಟ್ಟೆ, ಪ್ಲಾಸ್ಟಿಕ್ ಚೀಲ ಬಂದವು. ಈಗ ಫೈಬರ್ ಹರಿಗೋಲುಗಳೂ ಇವೆ. ಹಿಮದ ನಾಡಿನವರು ಚರ್ಮದ ದೋಣಿಯನ್ನು ಸೂಜಿಯಂತೆ ಉದ್ದ ಎಳೆದರೆ ನಮ್ಮವರು ತಟ್ಟೆಯಂತೆ ದುಂಡಗೆ ಹರಡಿದರು. ಬೆಚ್ಚಗಿನ ನೀರು, ಬಂಡೆಗಳಿರುವ ಹೊಳೆ, ಹೋಗಬೇಕಾದ ದೂರ ಆಚೆ ದಡದವರೆಗೆ ಮಾತ್ರ. ಇಲ್ಲಿ ವೇಗಕ್ಕಿಂತ ಭಾರ ಹೊರುವುದು ಮುಖ್ಯವಾಯಿತು.

ದುಂಡು ದೋಣಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿದ್ದಾನೆ. ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಇರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸುಮಾರು 3700 ವರ್ಷ ಹಳೆಯ ಜೇಡಿಮಣ್ಣಿನ ಹಲಗೆಯೊಂದನ್ನು ಓದಿ, ಮಹಾಪ್ರಳಯದ ಕಥೆಯ ನಾವೆಯೂ ದುಂಡಗೇ ಇತ್ತು ಎಂದು ತೋರಿಸಿದ್ದಾರೆ. ಅದರ ಅಳತೆ ನೋಡಿ ಒಂದು ಮಾದರಿ ಕಟ್ಟಲು ಹೊರಟಾಗ ಅವರಿಗೆ ಬೇಕಾದ ಕುಶಲಕರ್ಮಿಗಳು ಸಿಕ್ಕಿದ್ದು ನಮ್ಮ ನೆರೆಯ ಕೇರಳದಲ್ಲಿ!

ಕನ್ನಡ ನಾಡಿನ ಹರಿಗೋಲಿನ ಬಗ್ಗೆ ಒಳ್ಳೆಯ ಸಾಕ್ಷ್ಯ ಕೊಟ್ಟವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಅವನು ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು ಎಂದು ಬರೆದಿಟ್ಟ. ಅವನು ಗಮನಿಸಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಈ ದೋಣಿಗಳು ನೇರ ಹೋಗಲಾರದೆ ಸದಾ ಗಿರಗಿರನೆ ತಿರುಗುತ್ತಲೇ ಇರುತ್ತವೆ ಎಂಬುದು ಅದು. ಸುಮಾರು ಮುನ್ನೂರು ವರ್ಷಗಳ ನಂತರ, 1803ರ ಮರಾಠಾ ಯುದ್ಧದಲ್ಲಿ, ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ತುಂಬಿದ ಹೊಳೆಗಳನ್ನು ದಾಟಲು ಇದೇ ಬುಟ್ಟಿ ದೋಣಿಗಳನ್ನು ನೆಚ್ಚಬೇಕಾಯಿತು. ಮದರಾಸಿನಲ್ಲಿ ಮೀನುಗಾರಿಕೆ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳನ್ನು ಅಧ್ಯಯನ ಮಾಡಿ ಜಗತ್ತಿನ ಇತರ ದೋಣಿಗಳ ಜೊತೆ ಹೋಲಿಸಿದ.

ಪ್ರವಾಸಿಗಳೂ ಸೈನಿಕರೂ ಕಂಡದ್ದು ದಾಟುವ ಹರಿಗೋಲನ್ನು. ಮೀನು ಹಿಡಿಯುವ ಹರಿಗೋಲು ಅದಕ್ಕಿಂತ ಚಿಕ್ಕದು, ಸುಮಾರು ಆರು ಅಡಿ ಅಗಲ. ಒಬ್ಬನೇ ಬೆನ್ನ ಮೇಲೆ ಕವುಚಿಕೊಂಡು ಆಮೆಯಂತೆ ನಡೆದು ಹೋಗಬಹುದು. ಅದರ ಬಗ್ಗೆ ಬರೆದವರು ಕಡಿಮೆ. ಮೀನು ಹಿಡಿಯುವುದರ ಬಗ್ಗೆಯೇ ನಮ್ಮವರು ಬರೆದಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಇಲ್ಲಿ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯ ಏಳುತ್ತಿದ್ದ ಕಾಲದಲ್ಲೇ, ಅಂದರೆ 12ನೇ ಶತಮಾನದ ಮೊದಲ ಭಾಗದಲ್ಲಿ, ಸಂಸ್ಕೃತದಲ್ಲಿ ಬರೆದ ಗ್ರಂಥ ಅದು. ಗಾಳ, ದಾರ, ಎರೆ, ಮೀನಿನ ಜಾತಿಗಳು ಎಲ್ಲವೂ ಅದರಲ್ಲಿವೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಆದರೆ ಅದು ದೊರೆಯ ವಿನೋದ. ಹೊಟ್ಟೆಪಾಡಿಗೆ ಬಲೆ ಬೀಸುವವನ ವಿದ್ಯೆ ಬಾಯಿಂದ ಬಾಯಿಗೆ, ಅದಕ್ಕಿಂತ ಹೆಚ್ಚಾಗಿ ಕಾಲಿಂದ ಕಾಲಿಗೆ ಬಂದದ್ದು.

ಅಷ್ಟಕ್ಕೂ ನಿಲ್ಲಬೇಕಾದರೂ ಏಕೆ? ಮೊದಲನೆಯದು ಕಣ್ಣಿಗಾಗಿ. ಕೂತವನ ಕಣ್ಣು ನೀರಿನಿಂದ ಎರಡೂವರೆ ಅಡಿ ಮೇಲಿದ್ದರೆ ನಿಂತವನದು ಐದು ಅಡಿ ಮೇಲಿರುತ್ತದೆ. ಓರೆಯಾಗಿ ನೋಡಿದಷ್ಟೂ ನೀರಿನ ಮೇಲೆ ಆಕಾಶದ ಹೊಳಪೇ ಕಾಣುತ್ತದೆ. ಮೇಲಿನಿಂದ ನೋಡಿದರೆ ಒಳಗಿನ ನೆರಳು, ಮೀನು ಕದಲಿದ ಗುರುತು ತಿಳಿಯುತ್ತದೆ. ಬರ್ಮಾದ (ಈಗಿನ ಮ್ಯಾನ್ಮಾರ್) ಇನ್ಲೆ ಸರೋವರದ ಬೆಸ್ತರು ಇದೇ ಕಾರಣಕ್ಕೆ ದೋಣಿಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಹುಟ್ಟಿಗೆ ಸುತ್ತಿ ನಡೆಸುತ್ತಾರೆ. ಜೊಂಡಿನ ಮೇಲಿಂದ ದಾರಿ ಕಾಣುತ್ತದೆ, ಬಲೆಗೆ ಕೈ ಬಿಡುವಾಗುತ್ತದೆ.

ಎರಡನೆಯದು ಬೀಸುಬಲೆಗಾಗಿ. ಅಂಚಿಗೆ ಸೀಸದ ಗುಂಡು ಕಟ್ಟಿದ ದುಂಡು ಬಲೆ ಇದು. ಅದರ ಹಗ್ಗ ಮಣಿಕಟ್ಟಿಗೆ, ಒಂದು ಮಡಿಕೆ ಮೊಣಕೈ ಮೇಲೆ, ಅಂಚಿನ ಒಂದು ತುದಿ ಕೆಲವೊಮ್ಮೆ ಹಲ್ಲಿನಲ್ಲಿ. ಸೊಂಟ ತಿರುಗಿಸಿ ಬೀಸಿದಾಗ ಅದು ಗಾಳಿಯಲ್ಲಿ ಛತ್ರಿಯಂತೆ ಬಿಚ್ಚಿಕೊಂಡು ಬೀಳಬೇಕು. ಕೂತು ಬೀಸಿದರೆ ಅರ್ಧ ಬಿಚ್ಚಿ ಮುದ್ದೆಯಾಗಿ ಬೀಳುತ್ತದೆ.

ಹಾಗೆ ಸೊಂಟ ತಿರುಗಿಸುವಾಗ ದೋಣಿ ಮಗುಚದಿರುವ ಗುಟ್ಟು ಅಗಲದಲ್ಲಿದೆ. ದೋಣಿ ಒಂದು ಕಡೆ ವಾಲಿದಾಗ ಆ ಕಡೆ ಹೆಚ್ಚು ನೀರು ಒತ್ತಲ್ಪಡುತ್ತದೆ, ಆ ನೀರು ದೋಣಿಯನ್ನು ಮೇಲಕ್ಕೆ ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ಉದ್ದ ಅಷ್ಟೇ ಇದ್ದು ಅಗಲ ಎರಡು ಪಟ್ಟಾದರೆ ವಾಲುವಿಕೆಯನ್ನು ತಡೆಯುವ ಈ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬುದು ಹಡಗು ಕಟ್ಟುವವರ ಲೆಕ್ಕ. ಸಾಧಾರಣ ಕಯಾಕ್ ಸುಮಾರು 60 ಸೆಂಟಿಮೀಟರ್ ಅಗಲ. ನಿಂತು ಮೀನು ಹಿಡಿಯುವ ಕಯಾಕುಗಳನ್ನು 90 ಸೆಂಟಿಮೀಟರಿನ ಆಸುಪಾಸಿಗೆ ಹಿಗ್ಗಿಸಿ, ತಳವನ್ನು ಚಪ್ಪಟೆ ಮಾಡಿದ್ದಾರೆ. ಇಷ್ಟರಿಂದಲೇ ಅವುಗಳ ಭದ್ರತೆ ಮೂರು ಪಟ್ಟಿಗಿಂತ ಹೆಚ್ಚಾಯಿತು. ನಮ್ಮ ಹರಿಗೋಲೋ ಯಾವ ದಿಕ್ಕಿಗೆ ನೋಡಿದರೂ ಆರು ಅಡಿ! ಕಯಾಕು ಕಷ್ಟಪಟ್ಟು ಅರ್ಧ ದಾರಿ ಬಂದದ್ದು ಹರಿಗೋಲಿನ ಕಡೆಗೇ ಎಂದರೆ ತಪ್ಪಾಗಲಾರದು.

ಇದೆಲ್ಲ ಓದಿದ ಮಾತು. ದೋರಸಮುದ್ರದ ಕೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಐವತ್ತು ದಾಟಿದ ಬೆಸ್ತರೊಬ್ಬರು ನನ್ನನ್ನು ಹರಿಗೋಲಿಗೆ ಹತ್ತಿಸಿಕೊಂಡಾಗ ಗೊತ್ತಾದದ್ದು ಬೇರೆ. ಹುಟ್ಟು ಹಾಕುತ್ತಿದ್ದವನು ಅವರ ತಮ್ಮನ ಮಗ. ನಾನು ಧೈರ್ಯ ಮಾಡಿ ಎದ್ದೆ. ಹರಿಗೋಲು ವಾಲಲಿಲ್ಲ. ಬಲೆ ಬೀಸುವವರಂತೆ ಬರಿಗೈಯನ್ನು ಬಲದಿಂದ ಎಡಕ್ಕೆ ಬೀಸಿದೆ. ತಕ್ಷಣ ಕಾಲಡಿಯ ಬುಟ್ಟಿ ಎದುರು ದಿಕ್ಕಿಗೆ ತಿರುಗಿತು, ಮೈ ಒಂದು ಕಡೆ, ಕಾಲು ಒಂದು ಕಡೆ ಆಗಿ ದೊಪ್ಪನೆ ಕೂತೆ. ಅವರು ನಗಲಿಲ್ಲ. “ಮೊಣಕಾಲ್ ಸಡ್ಲ ಬಿಡ್ಬೇಕು ಸ್ವಾಮಿ. ನೀವ್ ಬೀಸೋ ಮುಂಚೇನೇ ಹುಡ್ಗ ಹುಟ್ಟು ತಡೀಬೇಕು. ಇಲ್ದಿದ್ರೆ ನಿಲ್ಲಕ್ಕಾಗಲ್ಲ” ಎಂದರು.

ಪಾಯಸ್ ಐದು ನೂರು ವರ್ಷದ ಹಿಂದೆ ಕಂಡ ಗಿರಗಿರ ಇದೇ. ಹರಿಗೋಲಿಗೆ ಮೂತಿಯಿಲ್ಲ, ತಳದಲ್ಲಿ ನೀರನ್ನು ಸೀಳುವ ಏಣಿಲ್ಲ. ಮಗುಚುವುದು ಕಷ್ಟ, ತಿರುಗುವುದು ಬಹಳ ಸುಲಭ. ಬೀಸಿದ ಬಲಕ್ಕೆ ಸಮನಾದ ತಿರುಗು ಕಾಲಿನ ಮೂಲಕ ದೋಣಿಗೆ ಹೋಗುತ್ತದೆ. ಅದನ್ನು ತಡೆಯುವುದು ಎದುರು ಅಂಚಿನಲ್ಲಿ ಮಂಡಿಯೂರಿ ಕೂತವನ ಹುಟ್ಟು. ಅವನು ಬಲೆಯವನ ಭುಜ ನೋಡಿಕೊಂಡೇ ಹುಟ್ಟು ಒತ್ತಬೇಕು, ಬಲೆ ಎಳೆಯುವಾಗ ಅಂಚು ನೀರಿಗೆ ತಗ್ಗದಂತೆ ತನ್ನ ಭಾರವನ್ನು ಹಿಂದಕ್ಕೆ ಕೊಡಬೇಕು. ಒಂದು ಕಣ್ಣು ತಪ್ಪಿದರೆ, ಮಣಿಕಟ್ಟಿಗೆ ಕಟ್ಟಿದ ಹಗ್ಗವೇ ಬಲೆಯವನನ್ನು ನೀರಿಗೆ ಎಳೆಯುತ್ತದೆ. ಈಜು ಬರುವವನಿಗೂ ಬಲೆಯೊಳಗೆ ಈಜಲು ಬಾರದು. ತೇಲು ಜಾಕೆಟ್ ಹಾಕಿದವರನ್ನು ನಾನು ಆ ಬೆಳಿಗ್ಗೆ ನೋಡಲಿಲ್ಲ.

ಹೀಗಾಗಿ ನಿಂತು ಮೀನು ಹಿಡಿಯುವುದು ನಮ್ಮಲ್ಲಿ ಇಬ್ಬರ ಕೆಲಸ. ಅಪ್ಪ ಮಗ, ಅಣ್ಣ ತಮ್ಮ, ಎಷ್ಟೋ ಕಡೆ ಗಂಡ ಹೆಂಡತಿ. ಈ ಎರಡನೆಯವರು ಸಿಗುವುದೇ ಈಗ ಕಷ್ಟವಾಗಿದೆ. ಹುಡುಗರು ಹಾಸನಕ್ಕೋ ಬೆಂಗಳೂರಿಗೋ ಕೆಲಸಕ್ಕೆ ಹೋಗಿದ್ದಾರೆ. ಕೆರೆಯ ಮೀನು ಹಿಡಿಯುವ ಹಕ್ಕು ಹರಾಜಿನಲ್ಲೋ ಗುತ್ತಿಗೆಯಲ್ಲೋ ಸಿಗಬೇಕು, ಮಳೆ ಕೈಕೊಟ್ಟರೆ ಬಿಟ್ಟ ಕಾಟ್ಲಾ, ರೋಹು ಮರಿಗಳ ಜೊತೆ ದುಡ್ಡೂ ಹೋಗುತ್ತದೆ. ಯಗಚಿಯ ನೀರನ್ನು ದೋರಸಮುದ್ರಕ್ಕೆ ತರುವ ರಣಘಟ್ಟ ಯೋಜನೆಗಾಗಿ ಇಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದು ಬೆಳೆಗಾಗಿ, ಆದರೆ ಬೆಸ್ತನ ಬದುಕೂ ಅದೇ ನೀರಿನಲ್ಲಿದೆ. ಒಬ್ಬನೇ ಉಳಿದ ಬೆಸ್ತ ಬೀಸುಬಲೆ ಬಿಟ್ಟು, ಸಂಜೆ ನೀರಲ್ಲಿ ಬಿಟ್ಟು ಬೆಳಿಗ್ಗೆ ಎತ್ತುವ ಬಲೆಗೆ ಬರುತ್ತಾನೆ. ಅದಕ್ಕೆ ಹರಿಗೋಲೂ ಬೇಡ. ಅನೇಕ ಕೆರೆಗಳಲ್ಲಿ ಈಗ ಕಾಣುವುದು ಗಾಳಿ ತುಂಬಿದ ಲಾರಿ ಟ್ಯೂಬು, ಥರ್ಮೋಕೋಲಿನ ತೆಪ್ಪ. ಅವು ಅಗ್ಗ, ಹಗುರ. ಅವುಗಳ ಮೇಲೆ ಕಾಲು ಇಳಿಬಿಟ್ಟು ಕೂರಬಹುದು, ನಿಲ್ಲಲು ಬರುವುದಿಲ್ಲ.

ಹರಿಗೋಲು ಇನ್ನೂ ಬೇಡಿಕೆಯಲ್ಲಿರುವುದು ಹಂಪಿ, ತಲಕಾಡುಗಳಂಥ ಕಡೆ, ಪ್ರವಾಸಿಗರನ್ನು ಕೂರಿಸಿ ಗಿರಗಿರ ತಿರುಗಿಸಲು. ಬೆಸ್ತ ತಡೆಯಲು ಕಲಿತ ತಿರುಗೇ ಅಲ್ಲಿ ಮಾರಾಟದ ಸರಕು. ಇತ್ತ ಬೇಲೂರಿನ ಪಕ್ಕದ ಯಗಚಿ ಜಲಾಶಯದ ಜಲಸಾಹಸ ಕೇಂದ್ರಕ್ಕೆ ಕಯಾಕು ಬಂದಿದೆ. ಪ್ರವಾಸಿಗರು ಜಾಕೆಟ್ ತೊಟ್ಟು, ಕೂತು, ಹುಟ್ಟು ಹಾಕಿ ಬರುತ್ತಾರೆ.

ದಡಕ್ಕೆ ಬಂದ ಮೇಲೆ ಮೊಬೈಲಿನ ಆ ಅಮೆರಿಕದ ವಿಡಿಯೋವನ್ನು ಯಜಮಾನರಿಗೆ ತೋರಿಸಿದೆ. ಬಿಸಿಲಿಗೆ ಕೈ ಮರೆ ಮಾಡಿಕೊಂಡು ಎರಡು ಸಲ ನೋಡಿದರು. ದೋಣಿ ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು: “ಹುಟ್ಟು ಹಾಕೋನು ಎಲ್ ಕೂರ್ತಾನೆ ಸ್ವಾಮಿ ಇದ್ರಲ್ಲಿ?” ಒಬ್ಬನೇ ಹೋಗುವ ದೋಣಿ, ಕೆಲವದರಲ್ಲಿ ಸೈಕಲ್ಲಿನಂತೆ ಕಾಲಲ್ಲೇ ತುಳಿಯಬಹುದು ಎಂದೆ. ಅವರು ಏನೂ ಹೇಳದೆ, ಬಲೆಯಲ್ಲಿ ಸಿಕ್ಕಿದ್ದ ನಾಲ್ಕು ಜಿಲೇಬಿ ಮೀನುಗಳಲ್ಲಿ ಎರಡನ್ನು ತಮ್ಮನ ಮಗನ ಚೀಲಕ್ಕೆ ಹಾಕಿದರು. ಅವನು ಹತ್ತು ಗಂಟೆಯ ಬಸ್ಸಿಗೆ ಹಾಸನಕ್ಕೆ ಹೊರಡಬೇಕಿತ್ತು. ಹರಿಗೋಲನ್ನು ಇಬ್ಬರೂ ಸೇರಿ ಏರಿಯ ಮೇಲೆ ಎಳೆದು, ಮಗುಚಿ ಒಣಗಲು ಬಿಟ್ಟರು.