ಅಪಕೀರ್ತಿಗೆ ಅಂಜಿ ಉಳಿದ ವೈದ್ಯ

1348ರ ಜನವರಿಯಲ್ಲಿ ಮಹಾಮಾರಿ ಅವಿನ್ಯೋನ್ ನಗರವನ್ನು ಹೊಕ್ಕಿತು. ರೋನ್ ನದಿಯ ದಡದ ಆ ಊರು ಆಗ ರೋಮ್ ಬಿಟ್ಟು ಬಂದ ಪೋಪರ ನೆಲೆ. ಪೀಠದಲ್ಲಿದ್ದವರು ಆರನೆಯ ಕ್ಲೆಮೆಂಟರು. ಅವರ ವೈದ್ಯ ಗಿ ದ ಶೋಲ್ಯಾಕ್, ಮೊಂಪೆಲಿಯೆ ಮತ್ತು ಬೊಲೋನ್ಯಾಗಳಲ್ಲಿ ಕಲಿತು ಬಂದ ಶಸ್ತ್ರಪಂಡಿತ.

ಮೊದಲೆರಡು ತಿಂಗಳು ಜನ ಜ್ವರ ಬಂದು, ನೆತ್ತರು ಕಾರಿ ಮೂರು ದಿನದೊಳಗೆ ಸತ್ತರು. ಆಮೇಲಿನ ಐದು ತಿಂಗಳು ಕಂಕುಳಲ್ಲೋ ತೊಡೆಸಂದಿನಲ್ಲೋ ಗಡ್ಡೆಯೆದ್ದು ಐದು ದಿನಕ್ಕೆ ಪ್ರಾಣ ಹೋಗುತ್ತಿತ್ತು. ಹೂಳಲು ನೆಲ ಸಾಲದೆ ಪೋಪರು ನದಿಯನ್ನೇ ಪವಿತ್ರಗೊಳಿಸಿ ಹೆಣಗಳನ್ನು ಅದರಲ್ಲಿ ಬಿಡಿಸಿದರೆಂಬ ಮಾತೂ ಉಂಟು.

ವೈದ್ಯರು ಹಿಂದೆ ಸರಿದರು. ಏಕೆಂಬುದನ್ನು ಗಿ ಮರೆಮಾಚದೆ ಬರೆದಿಟ್ಟಿದ್ದಾನೆ. ಸೋಂಕಿನ ಭಯಕ್ಕೆ ರೋಗಿಯ ಬಳಿ ಹೋಗಲು ಅಂಜಿದರು. ಹೋದರೂ ಕೈಲಾಗುವುದು ಏನೂ ಇರಲಿಲ್ಲ. ರೋಗಿಗಳೆಲ್ಲ ಸಾಯುತ್ತಿದ್ದುದರಿಂದ ಸಂಭಾವನೆಯೂ ಹುಟ್ಟಲಿಲ್ಲ. ಹಣದ ಮಾತನ್ನು ಇಷ್ಟು ಬಿಚ್ಚಿ ಹೇಳಿದ್ದಕ್ಕೆ ನಾವು ಮೂಗು ಮುರಿಯಬಹುದು. ನನಗಂತೂ ಈ ಮೂರರಲ್ಲಿ ನಡುವಿನದೇ ಹೆಚ್ಚು ಭಾರವಾಗಿ ಕಾಣುತ್ತದೆ. ರೋಗದ ಕಾರಣ ಕೇಳಿದರೆ 1345ರಲ್ಲಿ ಶನಿ, ಗುರು, ಕುಜರು ಕುಂಭರಾಶಿಯಲ್ಲಿ ಕೂಡಿದ್ದನ್ನು ತೋರಿಸಬೇಕಿತ್ತು. ಮದ್ದು ಕೇಳಿದರೆ ರಕ್ತ ತೆಗೆಯಬೇಕು, ಭೇದಿಗೆ ಕೊಡಬೇಕು. ಅಂಜೂರವನ್ನೂ ಬೇಯಿಸಿದ ಈರುಳ್ಳಿಯನ್ನೂ ಅರೆದು, ಹುದುಗು ಬೆಣ್ಣೆಗಳೊಡನೆ ಕಲಸಿ ಗಡ್ಡೆಗೆ ಕಟ್ಟಬೇಕು. ಹಣ್ಣಾದ ಮೇಲೆ ಕೊಯ್ದು ಹುಣ್ಣಿಗೆ ಮಾಡುವ ಆರೈಕೆ ಮಾಡಬೇಕು. ಗಡ್ಡೆ ಹಣ್ಣಾಗುವವರೆಗೆ ಬದುಕಿರುತ್ತಿದ್ದವರು ಎಷ್ಟು ಮಂದಿ? ತಾನು ಕಲಿತ ವಿದ್ಯೆ ಮನೆಮನೆಯಲ್ಲೂ ಸುಳ್ಳಾಗುವುದನ್ನು ನಿತ್ಯ ನೋಡುತ್ತ ಆ ಕಸುಬಿನಲ್ಲಿ ನಿಲ್ಲುವುದು, ಸಾವಿಗೆ ಅಂಜದವನಿಗೂ ಸುಲಭವಲ್ಲ.

ಗಿ ಊರು ಬಿಡಲಿಲ್ಲ. ಅದನ್ನು ಧೈರ್ಯವೆಂದು ಅವನು ಕರೆದುಕೊಳ್ಳಲೂ ಇಲ್ಲ. ಓಡಿಹೋದನೆಂಬ ಅಪಕೀರ್ತಿಗೆ ಹೆದರಿ ಉಳಿದೆ, ಉಳಿದಷ್ಟು ದಿನವೂ ಭಯ ಬಿಡಲಿಲ್ಲ ಎಂದೇ ಒಪ್ಪಿಕೊಂಡ. ಮಾರಿ ಇಳಿಮುಖವಾದಾಗ ಅವನಿಗೂ ಜ್ವರ ಬಂದು ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ಸುಮಾರು ಆರು ವಾರ ಹಾಸಿಗೆ ಹಿಡಿದ. ಸಂಗಡಿಗರೆಲ್ಲ ಆಸೆ ಬಿಟ್ಟರು. ಕಡೆಗೆ ಗಡ್ಡೆ ಹಣ್ಣಾಯಿತು, ಚಿಕಿತ್ಸೆ ನಡೆಯಿತು, ಬದುಕಿಕೊಂಡ.

1360ರಲ್ಲಿ ಮಾರಿ ಅವಿನ್ಯೋನಿಗೆ ಮರಳಿತು. ಈ ಸಲ ಬಡವರಿಗಿಂತ ಸಿರಿವಂತರನ್ನೂ ಮಕ್ಕಳನ್ನೂ ಹೆಚ್ಚಾಗಿ ಒಯ್ದಿತೆಂದು ಗಿ ಬರೆದ. ಎರಡೂ ಮಾರಿಗಳ ವೃತ್ತಾಂತ 1363ರಲ್ಲಿ ಅವನು ಮುಗಿಸಿದ ಲ್ಯಾಟಿನ್ ಗ್ರಂಥ ‘ಚಿರುರ್ಜಿಯಾ ಮಾಗ್ನಾ’ದಲ್ಲಿದೆ. ಮುಂದೆ ಶತಮಾನಗಳ ಕಾಲ ಯುರೋಪಿನ ಶಸ್ತ್ರವೈದ್ಯರು ಕಲಿತದ್ದು ಆ ಪುಸ್ತಕದಿಂದ; ಅವನ ಭಯದ ಮಾತು ಇರುವುದೂ ಅದರಲ್ಲೇ.